ಪಂಚಕದ ಮನೆಯಲ್ಲಿ ಹಾಲುಕ್ಕಿಸಿದ್ದು

ಹೊಸ ಕೋಣೆಯ ಬೀಗದ ಕೈ ಕೊಟ್ಟು ಜನ ಅತ್ತ ಹೋದ ಕೂಡಲೇ ನಾನು ಬಾಗಿಲು ಹಾಕಿಕೊಂಡು ಒಂದು ನಿಮಿಷ ಸುಮ್ಮನೆ ನಿಲ್ಲುತ್ತೇನೆ. ಕೋಣೆಯ ವಾಸನೆ ನೋಡುತ್ತೇನೆ. ಹಿಂದೆ ಇದ್ದವರ ತಲೆಗೆಣ್ಣೆ, ಸುಟ್ಟ ಸೊಳ್ಳೆಬತ್ತಿ, ಇಲಿ, ಒದ್ದೆ ಸುಣ್ಣ, ಏನಾದರೊಂದು ಇದ್ದೇ ಇರುತ್ತದೆ. ಯಾವ ವಾಸನೆಯೂ ಇಲ್ಲದ ಕೋಣೆ ಸಿಕ್ಕರೆ ಮಾತ್ರ ನನಗೆ ಅನುಮಾನ. ಇಷ್ಟು ವರ್ಷಗಳ ಅಲೆದಾಟದಲ್ಲಿ ಅಂಥದ್ದು ಒಂದೇ ಸಲ ಸಿಕ್ಕಿತು, ಕೈಲಾಂಚದ ಹತ್ತಿರದ ಒಂದು ಹಳ್ಳಿಯಲ್ಲಿ.

ನನ್ನ ಕೆಲಸವೇ ಅಲೆಯುವುದು. ಹಳ್ಳಿಯ ಹಾಲಿನ ಡೈರಿಗಳಿಗೆ ಹಾಲು ಪರೀಕ್ಷೆ ಮಾಡುವ ಯಂತ್ರ ಮಾರುವ ಕಂಪನಿಯೊಂದರಲ್ಲಿ ನಾನಿದ್ದೇನೆ. ಯಂತ್ರ ಮಾರಾಟವಾದ ಊರಿಗೆ ಹೋಗಿ, ಎರಡು ಮೂರು ವಾರ ಅಲ್ಲೇ ಉಳಿದು, ಬೆಳಿಗ್ಗೆ ಸಂಜೆ ಡೈರಿಯಲ್ಲಿ ನಿಂತು ಅದನ್ನು ನಡೆಸುವುದು ಹೇಗೆ ಅಂತ ಕಲಿಸಬೇಕು. ಕಲಿಸಿದ್ದು ಬಂದಿತು ಅನ್ನುವಷ್ಟರಲ್ಲಿ ಗಂಟು ಕಟ್ಟಿ ಮುಂದಿನ ಊರು. ಮಾಗಡಿ, ಕನಕಪುರ, ಚನ್ನಪಟ್ಟಣ, ರಾಮನಗರ, ಈ ನಾಲ್ಕು ತಾಲ್ಲೂಕಿನಲ್ಲಿ ನಾನು ಮಲಗದ ಮೂಲೆ ಕಡಿಮೆ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಸಾಬರ ಮನೆಯ ಮಹಡಿಯಲ್ಲಿ ಒಂದು ತಿಂಗಳು ಇದ್ದೆ. ಕೆಳಗೆ ಮರ ಕಡೆಯುವ ಯಂತ್ರ ಗುಂಯ್ ಅನ್ನುತ್ತಿತ್ತು, ಮೇಲೆ ನನ್ನ ಹಾಸಿಗೆಗೆಲ್ಲ ಅರಗಿನ ವಾಸನೆ. ಆ ಮನೆಯ ಅಜ್ಜಿ ಕಿಟಕಿಗೆ ಇಡು ಅಂತ ಎರಡು ಬೊಂಬೆ ಕೊಟ್ಟರು. ಕನಕಪುರದ ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಕನ್ನಡಿಯ ಅಂಚಿಗೆ ಯಾರು ಯಾರೋ ಹೆಂಗಸರು ಅಂಟಿಸಿ ಮರೆತು ಹೋದ ಬಿಂದಿಗಳ ಸಾಲೇ ಇತ್ತು. ಕೀಳಲು ಮನಸ್ಸಾಗಲಿಲ್ಲ. ಹೊರಡುವ ದಿನ ನನ್ನದೂ ಒಂದು ಅಂಟಿಸಿ ಬಂದೆ.

ಕೋಣೆಯನ್ನು ಮನೆ ಮಾಡಿಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಅಂತ ನನಗೆ ಜಂಬ. ಒಂದು ವೈರ್ ಬುಟ್ಟಿಯಲ್ಲಿ ನನ್ನ ಮನೆ ಪೂರ್ತಿ ಹಿಡಿಯುತ್ತದೆ. ಕಾಲೊರೆಸುವ ಗೋಣಿ ಚೀಲದ ತುಂಡು, ಹಿತ್ತಾಳೆಯ ಚಿಕ್ಕ ದೀಪ, ರಂಗೋಲಿ ಪುಡಿಯ ಡಬ್ಬಿ, ಕರೆಂಟ್ ಒಲೆ, ಒಂದು ಹಾಲಿನ ಪಾತ್ರೆ, ಮತ್ತೆ ನನ್ನದೊಂದು ಹಳೆಯ ಕೆಂಪು ಹತ್ತಿ ಸೀರೆ. ಕೋಣೆಯ ಅತಿ ಕೆಟ್ಟ ಗೋಡೆ ಯಾವುದು ಅಂತ ನೋಡಿ ಅದರ ಮೇಲೆ ಆ ಸೀರೆ ಇಳಿಬಿಡುತ್ತೇನೆ. ಕೊನೆಗೆ ಹಾಲುಕ್ಕಿಸುವುದು. ಹೊಸ ಮನೆಗೆ ಕಾಲಿಟ್ಟವರು ಒಲೆಯ ಮೇಲೆ ಹಾಲು ಉಕ್ಕಿಸಬೇಕಲ್ಲ, ಅದನ್ನು ನಾನು ಲಾಡ್ಜಿನ ಕೋಣೆಗೂ ಬಿಟ್ಟಿಲ್ಲ. ಹಾಲು ಉಕ್ಕಿ, ಸುರ್ ಅಂತ ಸುಟ್ಟು, ನಾನು ಬೈದುಕೊಂಡು ಒಲೆ ಒರೆಸಿದರೆ ಅಲ್ಲಿಗೆ ಆ ಕೋಣೆ ನನ್ನದು. ಅದಾದ ಮೇಲೆಯೇ ನನಗೆ ನಿದ್ದೆ. ಸಾವನದುರ್ಗದ ಬುಡದಲ್ಲೊಂದು ಕೋಣೆಯಲ್ಲಿ ಕೋತಿ ಪಾತ್ರೆ ಸಮೇತ ಹಾಲು ಹೊತ್ತುಕೊಂಡು ಹೋದ ದಿನ ನಾನು ಕಣ್ಣು ಮುಚ್ಚಲಿಲ್ಲ.

ಕೈಲಾಂಚದ ಕಡೆಯ ಆ ಊರಿನಲ್ಲಿ ಡೈರಿಯ ಸೆಕ್ರೆಟರಿಯೇ ನನಗೆ ಇರಲು ಜಾಗ ತೋರಿಸಿದ. ಮೂವತ್ತೈದು ದಾಟದ, ಮಾತು ಜಾಸ್ತಿಯ ಆಸಾಮಿ. ಅವನ ದೊಡ್ಡಪ್ಪನ ಮನೆಯಂತೆ, ಖಾಲಿ ಬಿದ್ದಿದೆಯಂತೆ, ಮಗ ರಾಮನಗರದಲ್ಲಿ ರೇಷ್ಮೆ ನೂಲಿನ ವ್ಯಾಪಾರದಲ್ಲಿ ಇದ್ದಾನಂತೆ. ಬೀಗದ ಕೈ ಕೊಡುವಾಗ ಒಂದೇ ಮಾತು ಎರಡು ಸಲ ಹೇಳಿದ. "ಒಲೆ ಹಚ್ಚಕ್ಕೆ ಹೋಗ್ಬ್ಯಾಡಿ ಮೇಡಮ್ಮೋರೆ, ಊಟ ತಿಂಡಿ ಎಲ್ಲ ನಮ್ಮನೆಯಿಂದ್ಲೇ ಬತ್ತದೆ." ಎಂಥ ಉಪಚಾರದ ಜನ ಅಂದುಕೊಂಡೆ.

ಮನೆ ಹಳೆಯದು, ಮಣ್ಣಿನ ಗೋಡೆ, ಹೆಂಚಿನ ಸೂರು, ಮುಂದೆ ಜಗಲಿ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನಿಂತೆ. ಏನೂ ವಾಸನೆ ಬರಲಿಲ್ಲ. ಮುಚ್ಚಿದ್ದ ಮನೆಗೆ ಮುಗ್ಗಲು ವಾಸನೆಯಾದರೂ ಇರಬೇಕಿತ್ತು. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಮೊಳೆ ಹೊಡೆದಿದ್ದರು. ಮಲಗುವ ಕೋಣೆಯ ಹಿಂಗೋಡೆಯಲ್ಲಿ, ನೆಲದಿಂದ ಸೊಂಟದೆತ್ತರದವರೆಗೆ, ಬಾಗಿಲಿನಷ್ಟು ಅಗಲದ ಒಂದು ಸಿಮೆಂಟ್ ತೇಪೆ. ಸುಣ್ಣ ಕಂಡಿರಲಿಲ್ಲ. ಯಾವುದೋ ಕಿಂಡಿ ಮುಚ್ಚಿಸಿರಬೇಕು ಅಂದುಕೊಂಡೆ. ಮಂಚದ ಪಕ್ಕದ ನೆಲದ ಮೇಲೆ ಬೂದಿ ಹರಡಿತ್ತು. ಒಲೆಯ ಬೂದಿಯನ್ನು ಮಲಗುವ ಕೋಣೆಗೆ ಯಾರು ತಂದು ಸುರಿದರೋ ಅಂತ ಗೊಣಗುತ್ತ ಗುಡಿಸಿ ತಿಪ್ಪೆಗೆ ಹಾಕಿದೆ. ಅದೇ ಜಾಗದಲ್ಲಿ ನೆಲ ಒರೆಸಿ ಒಂದು ಎಳೆ ರಂಗೋಲಿ ಬಿಟ್ಟೆ. ಕೆಟ್ಟ ಗೋಡೆ ಹುಡುಕುವ ಕಷ್ಟವೇ ಇರಲಿಲ್ಲ. ಕೆಂಪು ಸೀರೆಯನ್ನು ಆ ತೇಪೆಯ ಮೇಲೆ ಇಳಿಬಿಟ್ಟೆ.

ಹಾಲಿಗೆ ಅವತ್ತು ಸಂಜೆಯೇ ಡೈರಿಯಿಂದ ಅರ್ಧ ಲೀಟರ್ ತಂದಿದ್ದೆ. ಅಡುಗೆಗಾಗಿ ತಾನೆ ಒಲೆ ಬೇಡ ಅಂದದ್ದು, ಇದು ಅಡುಗೆಯಲ್ಲವಲ್ಲ ಅಂತ ನನಗೆ ನಾನೇ ನ್ಯಾಯ ಹೇಳಿಕೊಂಡೆ. ಹಾಲು ಚೆನ್ನಾಗಿ ಉಕ್ಕಿತು. ನೆಲದ ಮೇಲೆಲ್ಲ ಹರಿದು ಆ ಮನೆಗೆ ಮೊದಲ ವಾಸನೆ ಬಂದದ್ದು ಆಗಲೇ.

ಮರುದಿನದಿಂದ ಒಂದು ಸಂಗತಿ ನನ್ನನ್ನು ಚುಚ್ಚತೊಡಗಿತು. ಊಟ ತರುತ್ತಿದ್ದ ಸೆಕ್ರೆಟರಿಯ ಹೆಂಡತಿ ಹೊಸಿಲು ದಾಟುತ್ತಿರಲಿಲ್ಲ. ಜಗಲಿಯ ಮೇಲೂ ಪೂರ್ತಿ ಹತ್ತದೆ, ಕೈ ಚಾಚಿ ಪಾತ್ರೆ ಕೊಟ್ಟು, ನಾನು ತಿಂದು ಮುಗಿಸುವವರೆಗೆ ಬೀದಿಯಲ್ಲಿ ನಿಲ್ಲುತ್ತಿದ್ದಳು. ಬಾಮ್ಮ ಒಳಗೆ ಅಂದರೆ ಸೆರಗು ಎಳೆದುಕೊಂಡು ನೆಲ ನೋಡುತ್ತಿದ್ದಳು. ಪಕ್ಕದ ಮನೆಯವರೂ ಅಷ್ಟೆ, ಮಾತಾಡಬೇಕಾದರೆ ಬೀದಿಯಿಂದಲೇ. ನನ್ನ ಜಾತಿ ವಿಚಾರಿಸಿಕೊಂಡಿದ್ದಾರೆ, ಅದಕ್ಕೇ ಈ ದೂರ ಅಂತ ನನಗೆ ಖಾತ್ರಿಯಾಯಿತು. ಮೈಯೆಲ್ಲ ಉರಿಯಿತು. ಎರಡು ದಿನ ಅವಳ ಪಾತ್ರೆ ತೊಳೆಯದೆ ವಾಪಸ್ ಕೊಟ್ಟು ಸೇಡು ತೀರಿಸಿಕೊಂಡೆ. ಪಾಪ, ಅವಳಿಗೆ ನನ್ನ ಜಾತಿ ಯಾವುದಾದರೂ ಒಂದೇ ಆಗಿತ್ತು ಅಂತ ತಿಳಿಯುವ ಹೊತ್ತಿಗೆ ಕ್ಷಮೆ ಕೇಳುವ ಕಾಲ ಮೀರಿತ್ತು.

ನಾಲ್ಕನೆಯ ದಿನ ಡೈರಿಯಲ್ಲಿ ಕರೆಂಟು ಹೋಗಿ ಯಂತ್ರ ನಿಂತಿತು. ಹಾಗಾಗಿ ದೀಪ ಹಚ್ಚುವ ಹೊತ್ತಿಗೆ ನಾನು ಮನೆಯಲ್ಲಿದ್ದೆ. ಅಲ್ಲಿಯವರೆಗೆ ಆ ಹೊತ್ತಿನಲ್ಲಿ ಯಾವತ್ತೂ ಆ ಮನೆಯೊಳಗೆ ಇದ್ದಿರಲಿಲ್ಲ. ಮಂಚದ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದೆ. ಹಿಂಗೋಡೆಯಿಂದ, ಸೀರೆ ಇಳಿಬಿಟ್ಟಿದ್ದ ಕಡೆಯಿಂದ, ಒಂದು ಹೆಂಗಸಿನ ದನಿ ಬಂತು. ಮೆಲ್ಲಗೆ, ಕಿವಿಯ ಪಕ್ಕದಲ್ಲಿ ಹೇಳಿದ ಹಾಗೆ.

"ಅಲ್ಲೇ ಇರಿ. ಈಚೆಗೆ ಬರ್ಬ್ಯಾಡಿ."

ಏಳಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಇನ್ನೊಂದು ಸಲ ಅದೇ ಮಾತು, ಅದೇ ದನಿ. ಆಮೇಲೆ ಮನೆಯ ಹಿಂದಿನ ತೋಟದ ಹಿಪ್ಪುನೇರಳೆ ಎಲೆಗಳ ಸರಸರ ಸದ್ದು, ಮತ್ತೆ ಏನೂ ಇಲ್ಲ. ನಾನು ದೆವ್ವ ಗಿವ್ವ ನಂಬುವವಳಲ್ಲ. ಆದರೂ ಆ ಮಾತು ನನಗೇ ಹೇಳಿದ್ದು ಅನ್ನಿಸಿತು, ಹಾಗಾಗಿ ಹೇಳಿದ ಹಾಗೆ ಕೇಳಿಕೊಂಡು ಮಂಚ ಬಿಟ್ಟು ಇಳಿಯಲಿಲ್ಲ. ಹಿತ್ತಾಳೆ ದೀಪ ಹಚ್ಚಲು ಸಹ ಏಳಲಿಲ್ಲ. ಇಷ್ಟು ಊರು ತಿರುಗಿದವಳು ಒಂದು ದನಿಗೆ ಹೀಗೆ ಮುದುರಿಕೊಂಡೆನಲ್ಲ ಅಂತ ನಾಚಿಕೆಯೂ ಆಯಿತು.

ಬೆಳಿಗ್ಗೆ ಸೆಕ್ರೆಟರಿಯನ್ನು ಹಿಡಿದು ಕೇಳಿದೆ. ನಾನು ಬರೀ ಹಿಂಗೋಡೆ ಅಂದೆ, ಅಷ್ಟಕ್ಕೇ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ. ಗೋಡೆ ಗಟ್ಟಿಯಾಗಿಯೇ ಇದೆ, ಹಾವು ಗೀವು ಬರಲ್ಲ, ಮೇಸ್ತ್ರಿ ಒಳ್ಳೆಯವನು ಅಂತ ಕೇಳದ್ದಕ್ಕೆಲ್ಲ ಉತ್ತರ ಕೊಟ್ಟ. ದನಿಯ ವಿಚಾರ ಎತ್ತಿದರೆ ಯಾರೋ ಎಲೆ ಕುಯ್ಯುವವರು ಇರಬೇಕು ಅಂದ. ಮಬ್ಬು ಕವಿದ ಮೇಲೆ ಯಾರು ಎಲೆ ಕುಯ್ಯುತ್ತಾರೆ ಅಂತ ನಾನು ಕೇಳುವಷ್ಟರಲ್ಲಿ ಅವನಿಗೆ ಹಾಲಿನ ಕ್ಯಾನು ನೆನಪಾಯಿತು.

ಆ ಸಂಜೆ ಬೇಕೆಂದೇ ಬೇಗ ಬಂದು ಕೂತೆ. ದನಿ ಬಂದ ಕೂಡಲೇ, ಇದ್ದಬದ್ದ ಧೈರ್ಯ ಒಟ್ಟು ಮಾಡಿ, ಯಾರದು ಅಂತ ಗಟ್ಟಿಯಾಗಿ ಕೇಳಿದೆ. ಗೋಡೆಯ ಆಚೆ ಉಸಿರು ಎಳೆದುಕೊಂಡ ಸದ್ದು. ಆಮೇಲೆ ಯಾರೋ ಬಿದ್ದಂಬೀಳ ಓಡಿದ ಹೆಜ್ಜೆ. ನಾನು ಹೆದರಿದ್ದಕ್ಕಿಂತ ಆ ಹೆಜ್ಜೆಗಳು ಹೆಚ್ಚು ಹೆದರಿದ್ದವು. ಅದು ನನಗೆ ಒಸಿ ಸಮಾಧಾನ ತಂದಿತು.

ಡೈರಿಗೆ ಹಾಲು ಹಾಕುವವರಲ್ಲಿ ಒಬ್ಬಾಕೆ ಯಾವಾಗಲೂ ಸಾಲಿನ ಕೊನೆಗೆ ನಿಲ್ಲುತ್ತಿದ್ದಳು. ಅರವತ್ತು ದಾಟಿದ ವಿಧವೆ. ಯಾರೊಂದಿಗೂ ಮಾತಿಲ್ಲ. ಮರುದಿನ ಬೆಳಿಗ್ಗೆ ನನ್ನ ಮುಂದೆ ಹಾಲು ಸುರಿಯುವಾಗ ಆಕೆಯ ಕೈ ತಪ್ಪಿ ಮೇಜಿನ ಮೇಲೆಲ್ಲ ಚೆಲ್ಲಿತು. ಒಸಿ ಬಟ್ಟೆ ಕೊಡಿ ಅಂದಳು. ಮೂರೇ ಪದ. ಗೋಡೆಯ ದನಿ ಅದೇ. ಡೈರಿ ಮುಚ್ಚಿದ ಮೇಲೆ ಆಕೆಯ ಹಿಂದೆ ಹೋದೆ. ಆಕೆ ನಡೆದದ್ದು ನಾನಿದ್ದ ಮನೆಯ ಹಿಂದಕ್ಕೆ. ಹಿಪ್ಪುನೇರಳೆ ಸಾಲುಗಳ ನಡುವೆ ಒಂದು ದನದ ಕೊಟ್ಟಿಗೆ ಇತ್ತು. ಆಕೆ ಇದ್ದದ್ದು ಅಲ್ಲಿ.

ಕಲ್ಲಿನ ಮೇಲೆ ಕೂತು ಆಕೆ ನಿಧಾನವಾಗಿ ಎಲ್ಲ ಹೇಳಿದಳು. ನಾನಿರುವುದು ಆಕೆಯ ಮನೆ. ಸೆಕ್ರೆಟರಿ ಆಕೆಯ ಮೈದುನನ ಮಗ. ಆಕೆಯ ಯಜಮಾನರು ಸತ್ತದ್ದು ಪಂಚಕದಲ್ಲಿ, ಧನಿಷ್ಠೆಯಿಂದ ಐದು ನಕ್ಷತ್ರದ ಕೆಟ್ಟ ಗಳಿಗೆಯಲ್ಲಿ. ಅಂಥ ಸಾವಾದರೆ ಮನೆಯವರು ಆರು ತಿಂಗಳು ಮನೆ ಬಿಡಬೇಕು. ಒಲೆ ಹಚ್ಚುವಂತಿಲ್ಲ, ದೀಪ ಇಡುವಂತಿಲ್ಲ. ಹೆಣವನ್ನೂ ಬಾಗಿಲಿನಿಂದ ತೆಗೆಯುವಂತಿಲ್ಲ, ತೆಗೆದರೆ ಅದೇ ದಾರಿ ಗುರುತಿಟ್ಟುಕೊಂಡು ವಾಪಸ್ ಬರುತ್ತದೆ ಅನ್ನುತ್ತಾರೆ. ಹಾಗಾಗಿ ಮಲಗುವ ಕೋಣೆಯ ಗೋಡೆ ಒಡೆದು, ಆ ಕಿಂಡಿಯಿಂದ ಹೊರಗೆ ಸಾಗಿಸಿ, ಕಿಂಡಿ ಮುಚ್ಚಿಸಿದರು. ಸತ್ತವರು ಹೊರಟರೆ ಹೆಜ್ಜೆ ಮೂಡುತ್ತದೆ ಅಂತ ಸತ್ತ ಜಾಗದಲ್ಲಿ ಬೂದಿ ಹರಡಿ ಬೀಗ ಹಾಕಿದರು. ಮಗ ರಾಮನಗರಕ್ಕೆ ಕರೆದ. ಹಸುಗಳನ್ನು ಬಿಟ್ಟು ಬರಲ್ಲ ಅಂತ ಆಕೆ ಕೊಟ್ಟಿಗೆಯಲ್ಲೇ ಉಳಿದಳು. ಆರು ತಿಂಗಳಿಗೆ ಇನ್ನು ಹದಿನೆಂಟು ದಿನ ಬಾಕಿ.

ಸೆಕ್ರೆಟರಿಯ ಬುದ್ಧಿವಂತಿಕೆ ಆಗ ಅರ್ಥವಾಯಿತು. ಪಂಚಕದ ನಿಯಮ ಮನೆಯವರಿಗೆ, ಹೊರಗಿನವರಿಗಲ್ಲ ಅಂತ ಅವನೇ ಒಂದು ಶಾಸ್ತ್ರ ಬರೆದುಕೊಂಡಿದ್ದ. ಒಲೆ ಹಚ್ಚದೆ ಒಬ್ಬಳು ಮಲಗಿ ಎದ್ದು ಹೋದರೆ ಲೆಕ್ಕಕ್ಕೆ ಬರಲ್ಲ ಅಂತ ಅವನ ಲೆಕ್ಕ. ನನಗೆ ಹೇಳಿದರೆ ನಾನು ಉಳಿಯುವುದಿಲ್ಲ ಅಂತ ಹೇಳಿರಲಿಲ್ಲ. ನನಗೆ ಅವನ ಕುತ್ತಿಗೆ ಹಿಸುಕುವಷ್ಟು ಸಿಟ್ಟು ಬಂತು. ಆದರೆ ಆ ಬೂದಿಯನ್ನು ಗುಡಿಸಿ ತಿಪ್ಪೆಗೆ ಹಾಕಿದವಳು ನಾನು.

ಆಕೆ ಅದನ್ನೇ ಕೇಳಿದಳು. ಬೂದಿಯ ಮೇಲೆ ಹೆಜ್ಜೆ ಇತ್ತಾ, ಇದ್ದರೆ ಯಾವ ಕಡೆಗೆ ತಿರುಗಿತ್ತು, ಗೋಡೆಗೋ ಬಾಗಿಲಿಗೋ. ನಾನು ನೋಡದೆ ಗುಡಿಸಿದೆ ಅಂದೆ. ಅದು ಪೂರ್ತಿ ನಿಜವಲ್ಲ. ಪೊರಕೆ ಆಡಿಸುವಾಗ ಏನೋ ಗುರುತು ಕಂಡ ಹಾಗಿತ್ತು, ಬೆಕ್ಕು ಓಡಾಡಿರಬೇಕು ಅಂತ ಬಿಟ್ಟಿದ್ದೆ. ಬೆಕ್ಕಿನದಕ್ಕಿಂತ ದೊಡ್ಡದಿತ್ತೋ ಏನೋ, ಈಗ ಎಷ್ಟು ನೆನೆಸಿಕೊಂಡರೂ ಬರೀ ಪೊರಕೆಯೇ ನೆನಪಾಗುತ್ತದೆ.

ಆಮೇಲೆ ಆಕೆ ನನ್ನ ಮುಖವನ್ನೇ ನೋಡುತ್ತ ಇನ್ನೊಂದು ಕೇಳಿದಳು. "ಬಂದ ದಿನ ಹಾಲು ಕಾಯಿಸಿದ್ರಲ್ಲ. ಉಕ್ತಾ, ಇಲ್ಲ ಬರೀ ಕಾಯ್ತಾ?"

ಹಾಲಿನ ಜನರಿಗೆ ಆ ವಾಸನೆ ಎಷ್ಟು ದೂರದಿಂದಲೂ ತಿಳಿಯುತ್ತದೆ. ಬರೀ ಕಾಯಿಸಿದ್ದಾದರೆ ಹೇಗೋ ಕಣ್ಣುಮುಚ್ಚಿಕೊಳ್ಳಬಹುದು. ಉಕ್ಕಿಸಿದರೆ ಆ ಮನೆಗೆ ಸಂಸಾರ ಬಂದ ಹಾಗೆ. ಬಿಟ್ಟ ಮನೆ ಅಂತ ಆಗುವುದಿಲ್ಲ. ಶಾಸ್ತ್ರ ಕೆಟ್ಟಿತು ಅಂತ ಆರು ತಿಂಗಳು ಮತ್ತೆ ಮೊದಲಿನಿಂದ ಎಣಿಸಬೇಕಾಗುತ್ತದೆ. ನನ್ನ ಒಂದು ಪಾತ್ರೆ ಹಾಲಿಗೆ ಈ ಮುದುಕಿ ಇನ್ನಾರು ತಿಂಗಳು ಸಗಣಿ ವಾಸನೆಯಲ್ಲಿ ಮಲಗಬೇಕೆ ಅನ್ನಿಸಿತು. ಉಕ್ಕಲಿಲ್ಲ, ಬರೀ ಕಾಯಿಸಿದೆ ಅಂತ ನುಣ್ಣಗೆ ಸುಳ್ಳು ಹೇಳಿದೆ. ಆಕೆಯ ಮುಖ ಅರಳುತ್ತದೆ ಅಂದುಕೊಂಡಿದ್ದೆ. ಅದು ಬಾಡಿತು. ಹಸುವಿಗೆ ಹುಲ್ಲು ಹಾಕಬೇಕು ಅಂತ ಎದ್ದು ಹೋದಳು.

ಊರಿನಲ್ಲಿ ಆಕೆಯ ಯಜಮಾನರ ಬಗ್ಗೆ ಯಾರನ್ನು ಕೇಳಿದರೂ ಒಂದೇ ಮಾತು, ದೇವರಂಥ ಮನುಷ್ಯ. ಡೈರಿ ಕಟ್ಟಿಸಿದ್ದು ಅವರು, ಶಾಲೆಗೆ ಜಾಗ ಬಿಟ್ಟದ್ದು ಅವರು. ಅವರ ಫೋಟೊ ಡೈರಿಯಲ್ಲಿ ನನ್ನ ಯಂತ್ರದ ಮೇಲೆಯೇ ನೇತಾಡುತ್ತಿತ್ತು. ಇಷ್ಟು ದಿನ ಯಾರೋ ಹಿರಿಯರು ಅಂತ ನಾನು ಅದಕ್ಕೆ ಬೆನ್ನು ಮಾಡಿ ಕೆಲಸ ಮಾಡುತ್ತಿದ್ದೆ.

ಮರುದಿನ ಮಧ್ಯಾಹ್ನ ಆಕೆ ಮನೆಯ ಮುಂದಕ್ಕೆ ಬಂದಳು. ಜಗಲಿ ಮುಟ್ಟದೆ ಬೀದಿಯಲ್ಲಿ ನಿಂತಳು. ನಾನೇ ಹೊರಗೆ ಹೋದೆ. ಹಾಲು ಉಕ್ಕಿದ ವಾಸನೆ ತನಗೆ ಬಂದಿತ್ತು, ಸುಳ್ಳು ಹೇಳಬೇಡಿ ಅಂದಳು. ನಾನು ತಲೆ ತಗ್ಗಿಸಿದೆ. ನಿಮಗೆ ಒಳ್ಳೆಯದಾಗಲಿ ಅಂತ ಹೇಳಿದೆ ಅಕ್ಕ, ಬೇಗ ನಿಮ್ಮ ಮನೆಗೆ ನೀವು ಬರಲಿ ಅಂತ, ಅಂದೆ.

ಆಕೆ ಸುತ್ತ ಒಮ್ಮೆ ನೋಡಿದಳು. "ನಂಗೆ ಬರದು ಬ್ಯಾಡ ಕಣವ್ವ," ಅಂದಳು. "ಅವ್ರು ಇನ್ನೂ ಒಳಗೇ ಅವ್ರೆ."

ಮಿಕ್ಕದ್ದನ್ನು ಬೀದಿಯಲ್ಲಿ ನಿಂತೇ, ಯಾರಾದರೂ ನೋಡಿದರೆ ಹಾಲಿನ ವಿಚಾರ ಮಾತಾಡುತ್ತಿದ್ದಾರೆ ಅನ್ನುವ ಹಾಗೆ, ಸಲೀಸಾಗಿ ಹೇಳಿದಳು. ಊರಿಗೆ ಉಪಕಾರಿ, ಮನೆಗೆ ಮಾರಿ. ನಲವತ್ತೆರಡು ವರ್ಷ ಆ ಮನೆಯಲ್ಲಿ ಆಕೆ ಕೂತು ಉಂಡಿರಲಿಲ್ಲ. ಕೂತರೆ ತಟ್ಟೆ ಒದೆಯುತ್ತಿದ್ದರು. ಹೊಡೆದ ಸದ್ದು ಹೊರಗೆ ಕೇಳಬಾರದು ಅಂತ ರೇಡಿಯೋ ಹಾಕುತ್ತಿದ್ದರು. ಆ ಹಿಂಗೋಡೆಗೆ ಒರಗಿ ಕೂತು, ನಿದ್ದೆ ಬರದ ದಿನ ಆಕೆಯನ್ನು ಎದುರಿಗೆ ನಿಲ್ಲಿಸಿಕೊಳ್ಳುತ್ತಿದ್ದರು. ಆಕೆ ಕಣ್ಣು ಮುಚ್ಚಿದರೆ ಸಾಕು, ಏಟು ಬೀಳುತ್ತಿತ್ತು. ಕೊಟ್ಟಿಗೆಗೆ ಬಂದ ಮೇಲೆ ಆಕೆಗೆ ನಿದ್ದೆ ಬಂತು. ಹಸುಗಳ ನಡುವೆ ಮೊದಲನೇ ರಾತ್ರಿಯೇ ಬಂತು. ಆದರೆ ಒಡೆದ ಗೋಡೆಯಿಂದ ಅವರು ಹೋದದ್ದನ್ನು ಆಕೆ ನಂಬಿರಲಿಲ್ಲ. ದೇಹ ಹೋಯಿತು, ಅವರಲ್ಲ. ಅದಕ್ಕೇ ದಿನಾ ದೀಪದ ಹೊತ್ತಿಗೆ ತೇಪೆಯ ಹತ್ತಿರ ಹೋಗಿ ಒಳಗೇ ಇರಿ ಅಂತ ಹೇಳಿ ಬರುತ್ತಿದ್ದಳು.

ಹದಿನೆಂಟು ದಿನ ಮುಗಿದ ಮೇಲೆ ಆಕೆ ಆ ಕೋಣೆಯಲ್ಲೇ ಮಲಗಬೇಕು. ಗಂಡ ಬಾಳಿದ ಮನೆಗೆ ಬರಲ್ಲ ಅನ್ನುವ ಹಾಗಿಲ್ಲ, ಅಂದರೆ ಊರು ಕಾರಣ ಕೇಳುತ್ತದೆ. ಕಾರಣ ಹೇಳಿದರೆ ಡೈರಿಯ ಫೋಟೊ ನೋಡಿ ಯಾರೂ ನಂಬುವುದಿಲ್ಲ. ಮಗನೂ ನಂಬುವುದಿಲ್ಲ, ಅವನಿಗೆ ಅಪ್ಪ ದೇವರು. ಭಾನುವಾರ ಬೆಳಿಗ್ಗೆ ಡೈರಿಯಲ್ಲಿ ಹಿರಿಯರೆಲ್ಲ ಸೇರಿ ಮನೆ ಸೇರುವ ದಿನ ಗೊತ್ತುಮಾಡುತ್ತಾರೆ. ಹಾಲು ಉಕ್ಕಿತು ಅಂತ ಅಲ್ಲಿ ನಾನು ಹೇಳಬೇಕು. ಆಕೆ ಕೇಳಿದ್ದು ಅಷ್ಟೇ.

ನಾನು ಕೂಡಲೇ ಹೂಂ ಅನ್ನಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಹೇಳಿದರೆ ಸೆಕ್ರೆಟರಿ ಕಂಪನಿಗೆ ದೂರು ಕೊಡುತ್ತಾನೆ. ಈ ಸೀಮೆಯ ಯಾವ ಹಳ್ಳಿಯಲ್ಲೂ ನನಗೆ ಕೋಣೆ ಸಿಗದ ಹಾಗಾಗುತ್ತದೆ, ಪಂಚಕದ ಮನೆಯಲ್ಲಿ ಹಾಲುಕ್ಕಿಸಿದವಳು ಅಂತ ಮಾತು ನನಗಿಂತ ಮುಂಚೆ ಬಸ್ ಹತ್ತುತ್ತದೆ. ಇನ್ನೊಂದು ಕಡೆಯಿಂದ, ಇದು ಬರೀ ಮುದುಕಿಯ ಭ್ರಮೆ, ಮನೆಗೆ ಬಂದು ನಾಲ್ಕು ದಿನ ಮಲಗಿದರೆ ಸರಿಹೋಗುತ್ತಾಳೆ ಅಂತಲೂ ಅನ್ನಿಸುತ್ತಿತ್ತು. ಶನಿವಾರ ಸೆಕ್ರೆಟರಿ ಬೇರೆ ಬಂದು, ಒಲೆ ಹಚ್ಚಿಲ್ಲ ಅಂದುಬಿಡಿ, ನಿಮಗೂ ತಾಪತ್ರಯ ಇಲ್ಲ ನಮಗೂ ಇಲ್ಲ ಅಂತ ಕೈ ಮುಗಿದು ಹೋದ.

ಅವನು ಹೋದ ಮೇಲೆ ಮಲಗುವ ಕೋಣೆಗೆ ಬಂದೆ. ಮಟಮಟ ಮಧ್ಯಾಹ್ನ, ಹೊರಗೆ ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ಗೋಡೆಯ ಮೇಲಿನ ಕೆಂಪು ಸೀರೆ ಒಳಗೆ ಯಾರೋ ಕೂತಿದ್ದಾರೆ ಅನ್ನುವ ಹಾಗೆ ಉಬ್ಬಿತ್ತು. ತೇಪೆಯ ಅಂಚಿನ ಬಿರುಕಿನಿಂದ ಗಾಳಿ ಬರುತ್ತಿರಬೇಕು ಅಂತ ಸೀರೆ ಎಳೆದು ತೆಗೆದೆ. ಬಿರುಕು ಇರಲಿಲ್ಲ. ಬೂದು ಸಿಮೆಂಟಿನ ಮೇಲೆ, ನೆಲಕ್ಕೆ ಕೂತವರ ತಲೆ ತಾಗುವ ಎತ್ತರದಲ್ಲಿ, ಎಣ್ಣೆಯ ಕಲೆ ಇತ್ತು. ನಮ್ಮ ಮನೆಗಳಲ್ಲಿ ಯಜಮಾನರು ದಿನಾ ಒರಗಿ ಕೂರುವ ಕಡೆ ಗೋಡೆಗೆ ತಲೆಗೆಣ್ಣೆ ಹತ್ತಿ ಹತ್ತಿ ಆಗುತ್ತದಲ್ಲ, ಅಂಥದೇ. ಆ ತೇಪೆ ಹಾಕಿದ್ದು ಅವರು ಸತ್ತ ಮೇಲೆ. ನಾನು ಬಂದ ದಿನ ಅಲ್ಲಿ ಕಲೆ ಇರಲಿಲ್ಲ, ಇದ್ದಿದ್ದರೆ ಕೆಟ್ಟ ಗೋಡೆ ಹುಡುಕುವ ನನ್ನ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಮೂಗು ಹತ್ತಿರ ತಂದು ನೋಡಿದೆ. ಹರಳೆಣ್ಣೆಯ ವಾಸನೆ. ನಾನು ತಲೆಗೆ ಹಚ್ಚುವುದು ಕೊಬ್ಬರಿ ಎಣ್ಣೆ.

ಅದಕ್ಕೆ ಏನಾದರೂ ಕಾರಣ ಇರಬಹುದು. ಸಿಮೆಂಟಿನ ತೇವ, ಸೀರೆಯ ಬಣ್ಣ, ನನ್ನ ಹೆದರಿಕೆ. ಇವತ್ತಿಗೂ ನಾನು ಯಾರೊಂದಿಗೂ ವಾದ ಮಾಡುವುದಿಲ್ಲ. ಅವತ್ತು ನಾನು ಮಾಡಿದ್ದು ಇಷ್ಟೆ. ರಂಗೋಲಿ ಅಳಿಸಿದೆ, ದೀಪ ಒರೆಸಿ ಬುಟ್ಟಿಗೆ ಹಾಕಿದೆ, ಸೀರೆ ಮಡಚಿದೆ, ಮಂಚವನ್ನು ಜಗಲಿಗೆ ಎಳೆದು ಆ ರಾತ್ರಿ ಅಲ್ಲಿ ಮಲಗಿದೆ. ಆಕೆ ಇಲ್ಲಿಗೆ ಬಂದು ಮಲಗಿದರೆ ಸರಿಹೋಗುತ್ತಾಳೆ ಅನ್ನುವ ಮಾತು ಮತ್ತೆ ನನ್ನ ತಲೆಗೆ ಬರಲಿಲ್ಲ.

ಭಾನುವಾರ ಹಾಲು ಹಾಕಿ ಮುಗಿದ ಮೇಲೆ ಡೈರಿಯಲ್ಲಿ ಚಾಪೆ ಹಾಸಿದರು. ಪಂಚಾಂಗ ಹಿಡಿದು ಪಕ್ಕದೂರಿನ ಅಯ್ನೋರು ಬಂದಿದ್ದರು, ಊರಿನ ಮೂವರು ಹಿರಿಯರು, ಸೆಕ್ರೆಟರಿ, ರಾಮನಗರದಿಂದ ಮಗ. ಮಗ ಒಳ್ಳೆಯವನು. ಅಮ್ಮ ಕೊಟ್ಟಿಗೆಯಲ್ಲಿ ಮಲಗುವುದು ನೆನೆಸಿಕೊಂಡರೆ ತನಗೆ ಅನ್ನ ಇಳಿಯಲ್ಲ, ಬೇಗ ಮನೆ ಸೇರಿಸಿ ಅಂತ ಅಯ್ನೋರನ್ನು ಬೇಡಿಕೊಂಡ. ಆಕೆ ಗೋಡೆಯ ಪಕ್ಕ ಸೆರಗು ಹೊದ್ದು ನಿಂತಿದ್ದಳು. ಮನೆಯಲ್ಲಿ ಒಲೆ ದೀಪ ಏನೂ ಆಗಿಲ್ಲ ತಾನೆ ಅಂತ ಅಯ್ನೋರು ಕೇಳಿದರು. ಸೆಕ್ರೆಟರಿ ಇಲ್ಲ ಅಂದ.

ನಾನು ಯಂತ್ರದ ಮುಂದಿನಿಂದ ಎದ್ದೆ. ನನ್ನ ಬೆನ್ನ ಹಿಂದೆ ಆ ಫೋಟೊ ಇದೆ ಅನ್ನುವುದು ಮೈಯೆಲ್ಲ ತಿಳಿಯುತ್ತಿತ್ತು. ಬಂದ ದಿನವೇ ಹಾಲುಕ್ಕಿಸಿದೆ ಅಂದೆ. ದೀಪ ಹಚ್ಚಿದೆ, ರಂಗೋಲಿ ಇಟ್ಟೆ, ಬೂದಿ ಗುಡಿಸಿದೆ, ಒಂದು ವಾರ ಸಂಸಾರ ಮಾಡಿದೆ, ಇವರ್ಯಾರಿಗೂ ಗೊತ್ತಿಲ್ಲ, ತಪ್ಪು ನನ್ನದು ಅಂದೆ. ಸೆಕ್ರೆಟರಿ ಹಾವು ತುಳಿದವನ ಹಾಗೆ ನೋಡಿದ. ಹಿರಿಯರೊಬ್ಬರು ಹೆಂಗಸಿನ ಕೈಗೆ ಬೀಗ ಕೊಟ್ಟರೆ ಇದೇ ಆಗುವುದು ಅಂದರು. ಅಯ್ನೋರು ಬಹಳ ಹೊತ್ತು ಬೆರಳು ಮಡಚಿ ಎಣಿಸಿ, ಬಿಟ್ಟ ಮನೆ ಬಿಟ್ಟ ಹಾಗಾಗಲಿಲ್ಲ, ಇವತ್ತೇ ಬೀಗ ಹಾಕಿ, ಇವತ್ತಿನಿಂದ ಆರು ತಿಂಗಳು ಅಂತ ಹೇಳಿದರು.

ಮಗ ಮುಖ ಮುಚ್ಚಿಕೊಂಡ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಸಿದು ಕೂತಳು. ಪಾಪ, ತಡೆಯಲಾರಳು ಅಂತ ಎಲ್ಲರೂ ಲೊಚಗುಟ್ಟಿದರು. ನಾನು ಹಿಡಿದುಕೊಳ್ಳಲು ಹೋದೆ. ಸೆರಗಿನ ಒಳಗೆ ಆಕೆ ಅಳುತ್ತಿರಲಿಲ್ಲ. ನನ್ನ ಕೈಯನ್ನು ಮೂಳೆ ನೋಯುವ ಹಾಗೆ ಹಿಡಿದಳು.

ಮಧ್ಯಾಹ್ನದೊಳಗೆ ಮನೆಗೆ ಬೀಗ ಬಿತ್ತು. ನನ್ನ ವೈರ್ ಬುಟ್ಟಿ ಬೀದಿಗೆ ಬಂತು. ಇನ್ನೂ ಐದು ದಿನದ ಕೆಲಸ ಬಾಕಿ ಇತ್ತು, ಊರಿನಲ್ಲಿ ಯಾರೂ ನನಗೆ ಜಾಗ ಕೊಡುವ ಹಾಗಿರಲಿಲ್ಲ. ಕೊಟ್ಟಿಗೆಗೆ ಬನ್ನಿ ಅಂತ ಆಕೆ ಎಲ್ಲರ ಎದುರಿಗೇ ಕರೆದಳು. ನನ್ನಿಂದ ಮನೆ ಕಳೆದುಕೊಂಡವಳು ನನ್ನನ್ನೇ ಕರೆದದ್ದು ನೋಡಿ, ಎಂಥ ದೊಡ್ಡ ಮನಸ್ಸು ಅಂತ ಊರು ಹೊಗಳಿತು.

ಕೊಟ್ಟಿಗೆಯ ಒಳಗೆ ಹೋಗಿ ಅಭ್ಯಾಸದಂತೆ ಒಂದು ನಿಮಿಷ ನಿಂತೆ. ಹುಲ್ಲು, ಗಂಜಲ, ಹೊಗೆ, ಹುರುಳಿ ಸಾರು. ಒಂದು ಮೂಲೆಗೆ ಒಗೆದ ಸೀರೆ ಅಡ್ಡ ಕಟ್ಟಿ, ನೆಲ ಸಾರಿಸಿ, ಆಕೆ ತನ್ನ ಜಾಗ ಮಾಡಿಕೊಂಡಿದ್ದಳು. ಒಂದು ಚಾಪೆ, ಎರಡು ತಟ್ಟೆ, ಊಟಕ್ಕೆ ಕೂರಲು ಒಂದು ಮಣೆ. ಮಣೆಯ ಮೇಲೆ ಕೂತು ಕೂತು ಅದರ ಮಧ್ಯ ನುಣುಪಾಗಿತ್ತು. ಇಷ್ಟು ವರ್ಷ ನಾನು ಕಂಡ ಕೋಣೆಗಳಲ್ಲಿ ಅದಕ್ಕಿಂತ ಚೆನ್ನಾಗಿ ಯಾರೂ ಮನೆ ಮಾಡಿಕೊಂಡದ್ದನ್ನು ನಾನು ನೋಡಿಲ್ಲ. ಬುಟ್ಟಿಯಿಂದ ಏನೂ ಹೊರಗೆ ತೆಗೆಯುವ ಅಗತ್ಯ ಕಾಣಲಿಲ್ಲ.

ಸಂಜೆ ಡೈರಿಯಿಂದ ಬಂದ ಮೇಲೆ ಇಬ್ಬರೂ ಎದುರು ಬದುರು ಕೂತು ಮುದ್ದೆ ಉಂಡೆವು. ಆಕೆ ಅವಸರವಿಲ್ಲದೆ, ತುತ್ತು ತುತ್ತಿಗೂ ಸಾರು ಅದ್ದಿಕೊಂಡು, ಉಂಡಳು. ನಿಮ್ಮ ಮನೆ ಎಲ್ಲಿ ಅಂತ ಕೇಳಿದಳು. ಮಾಗಡಿಯಲ್ಲಿ ಅಂದೆ, ಎರಡು ಕೋಣೆಯ ಸ್ವಂತ ಮನೆ. ಯಾರಿದ್ದಾರೆ ಅಂದಳು. ಯಾರೂ ಇಲ್ಲ, ಬೀಗ ಹಾಕಿದೆ, ನನ್ನ ಕೆಲಸದಲ್ಲಿ ಮನೆಯಲ್ಲಿ ಇರಲು ಪುರಸೊತ್ತು ಎಲ್ಲಿ ಅಂತ ಎಲ್ಲರಿಗೂ ಹೇಳುವುದನ್ನೇ ಹೇಳಿದೆ. ಬೀಗ ಹಾಕಿ ಎಷ್ಟು ದಿನ ಆಯಿತು ಅಂದಳು. ಹನ್ನೊಂದು ವರ್ಷ ಅಂದೆ.

ಆಕೆಯ ಕೈ ತಟ್ಟೆಯಲ್ಲೇ ನಿಂತಿತು. ನನ್ನ ಮುಖ ನೋಡಿ, ಬೈಯುವ ದನಿಯಲ್ಲಲ್ಲ, ಕರುಣೆಯಲ್ಲೂ ಅಲ್ಲ, ಯಂತ್ರದಲ್ಲಿ ಹಾಲಿನ ಡಿಗ್ರಿ ಎಷ್ಟು ಬಂತು ಅನ್ನುವಷ್ಟು ಸಹಜವಾಗಿ ಕೇಳಿದಳು.

"ಒಳಗೆ ಯಾರ್ನ ಬುಟ್ಟು ಬಂದಿದ್ದೀರವ್ವ?"

ಹಸು ಮೆಲುಕು ಹಾಕುವುದು ಕೇಳುತ್ತಿತ್ತು. ನನ್ನ ಗಂಡ ನನ್ನ ಮೇಲೆ ಒಂದು ದಿನವೂ ಕೈ ಮಾಡಿದವರಲ್ಲ. ಯಾವುದೋ ಚಿಕ್ಕ ಮಾತಿಗೆ ನನ್ನ ಜೊತೆ ಮಾತು ಬಿಟ್ಟರು. ಒಂದೇ ಮನೆಯಲ್ಲಿ, ಒಂದೇ ಒಲೆಯ ಊಟ ಉಂಡುಕೊಂಡು, ನಾಲ್ಕು ವರ್ಷ ಒಂದು ಪದ ಆಡಲಿಲ್ಲ. ಆಸ್ಪತ್ರೆಯಲ್ಲೂ ಆಡಲಿಲ್ಲ. ಅವರು ಹೋದ ತಿಂಗಳಿಗೇ ನಾನು ಈ ಕೆಲಸ ಹಿಡಿದೆ. ವರ್ಷಕ್ಕೊಮ್ಮೆ ಮಾಗಡಿಗೆ ಹೋಗಿ ಜಗಲಿ ಗುಡಿಸಿ, ಬೀಗ ಎಳೆದು ನೋಡಿ, ಅದೇ ಬಸ್ಸಿಗೆ ವಾಪಸ್ ಬರುತ್ತೇನೆ. ಒಳಗೆ ಕಾಲಿಟ್ಟಿಲ್ಲ. ಪುರಸೊತ್ತಿಲ್ಲ ಅನ್ನುವುದು ಸುಳ್ಳು, ಹೆದರಿಕೆ ಅನ್ನುವುದು ನಿಜ ಅಂತ ನನಗೆ ಗೊತ್ತಾದದ್ದು ಆ ಕೊಟ್ಟಿಗೆಯಲ್ಲಿ.

ಯಜಮಾನರು, ಅಂದೆ. ಸತ್ತು ಹನ್ನೊಂದು ವರ್ಷ ಆಯಿತು ಅಕ್ಕ, ಇನ್ನೂ ನನ್ನ ಜೊತೆ ಮಾತಾಡಿಲ್ಲ.